ಬಿಲ್ಲಿಗೆ ತಕ್ಕ ಸರಳು

ಬೀದರ್ ಸೀಮೆಯ ಹಳ್ಳಿಗಳಲ್ಲಿ ಆಡಿ ಬೆಳೆದವರಿಗೆ ಈ ಆಟ ನೆನಪಿರಬಹುದು. ತೊಗರಿ ಕಟ್ಟಿಗೆಯನ್ನೋ ಬಿದಿರಿನ ಸೀಳನ್ನೋ ಬಾಗಿಸಿ ಹುರಿ ಕಟ್ಟಿದರೆ ಬಿಲ್ಲಾಯಿತು. ಜೋಳದ ದಂಟಿನ ತುದಿಗೆ ಜಾಲಿಮುಳ್ಳು ಸಿಕ್ಕಿಸಿದರೆ ಬಾಣವಾಯಿತು. ಒಂದೇ ಬಿಲ್ಲು, ಒಂದೇ ಕೈ. ಆದರೂ ಒಂದು ದಂಟು ನೆಟ್ಟಗೆ ಹೋಗಿ ಗುರಿಯ ಹತ್ತಿರ ಬೀಳುತ್ತಿತ್ತು, ಇನ್ನೊಂದು ಹಾವಿನಂತೆ ತೆವಳಿಕೊಂಡು ಹೋಗುತ್ತಿತ್ತು, ಮತ್ತೊಂದು ಬಿಲ್ಲಿಗೇ ಬಡಿದು ಪಕ್ಕದ ಬೇಲಿಗೆ ಹಾರುತ್ತಿತ್ತು. ಗುರಿ ತಪ್ಪಿದ ಹುಡುಗನನ್ನು ಉಳಿದವರು ಗೇಲಿ ಮಾಡುತ್ತಿದ್ದರು. ತಪ್ಪು ದಂಟಿನದೂ ಇರಬಹುದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ನಮ್ಮ ಇತಿಹಾಸದ ಪುಸ್ತಕಗಳದೂ ಇದೇ ಕಥೆ. ಬಹಮನಿ ಮತ್ತು ವಿಜಯನಗರದ ಯುದ್ಧಗಳನ್ನು ಹೇಳುವಾಗ ಕುದುರೆಗಳ ಮಾತು ಬರುತ್ತದೆ, ಆನೆಗಳ ಮಾತು ಬರುತ್ತದೆ, ಬಿಲ್ಲುಗಾರರ ಮಾತೂ ಒಂದೆರಡು ಸಾಲು ಬರುತ್ತದೆ. ಬಿಲ್ಲುಗಾರನ ಬತ್ತಳಿಕೆಯಲ್ಲಿದ್ದ ಕಡ್ಡಿಯ ಮಾತು ಮಾತ್ರ ಬರುವುದಿಲ್ಲ. ಆ ಕಡ್ಡಿಯನ್ನು ಕೈಗೆತ್ತಿಕೊಂಡು ನೋಡಿದರೆ 15ನೆಯ ಶತಮಾನದ ಒಂದು ಹಳೆಯ ಪ್ರಸಂಗಕ್ಕೆ ಬೇರೆಯದೇ ಅರ್ಥ ಬರುತ್ತದೆ.

ಪ್ರಸಂಗ ಬೀದರಿಗೆ ಸೇರಿದ್ದು. ಅದು ನಡೆದಾಗ ಬೀದರ್ ಇನ್ನೂ ರಾಜಧಾನಿಯಾಗಿರಲಿಲ್ಲ ಅಷ್ಟೇ. 1422ರಲ್ಲಿ ಕಲಬುರ್ಗಿಯಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ಬಹಮನಿ ಮರುವರ್ಷವೇ ವಿಜಯನಗರದ ಮೇಲೆ ದಂಡೆತ್ತಿ ಹೋದ. ಆ ದಂಡಯಾತ್ರೆಯ ನಡುವೆ ಒಂದು ದಿನ ಜಿಂಕೆಯ ಬೆನ್ನು ಹತ್ತಿ ಬೀಡಿನಿಂದ ಬಹುದೂರ ಹೋಗಿಬಿಟ್ಟ. ಸುಳಿವು ಹಿಡಿದ ವಿಜಯನಗರದ ಕುದುರೆ ಸವಾರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬಂದು ಮುತ್ತಿದರು. ಸುಲ್ತಾನನಿಗೆ ಸಿಕ್ಕಿದ್ದು ಬಯಲಲ್ಲಿದ್ದ ಒಂದು ಮಣ್ಣುಗೋಡೆಯ ದನದ ದೊಡ್ಡಿ. ಜೊತೆಗಿದ್ದ ಸುಮಾರು 200 ಮಂದಿ ಪರದೇಶಿ ಬಿಲ್ಲುಗಾರರು ಆ ಗೋಡೆಯ ಮರೆಯಿಂದ ಬಾಣದ ಮಳೆಗರೆದು, ನೆರವು ಬರುವವರೆಗೆ ಶತ್ರುವನ್ನು ತಡೆದರು. ಫೆರಿಶ್ತಾ ಹೇಳುವ ಕಥೆ ಇದು.

ಜೀವ ಉಳಿಸಿಕೊಂಡು ಬಂದ ಸುಲ್ತಾನ ಎರಡು ಕೆಲಸ ಮಾಡಿದನಂತೆ. ಮೊದಲನೆಯದು, ಇರಾಕ್, ಖುರಾಸಾನ್, ತುರ್ಕಿ, ಅರಬಸ್ತಾನ, ಆಮೂ ನದಿಯಾಚೆಯ ನಾಡು, ಇಲ್ಲಿನ 3,000 ಬಿಲ್ಲುಗಾರರ ಪಡೆ ಕಟ್ಟುವಂತೆ ಖಲಫ್ ಹಸನ್ ಬಸ್ರಿಗೆ ಆಜ್ಞೆ ಕೊಟ್ಟ. ಎರಡನೆಯದು, ತನ್ನ ಸರದಾರರೆಲ್ಲರೂ ತಾವೂ ಬಿಲ್ವಿದ್ಯೆ ಕಲಿತು ಮಕ್ಕಳಿಗೂ ಕಲಿಸಬೇಕೆಂದು ಕಟ್ಟಪ್ಪಣೆ ಮಾಡಿದ. ಈ ಖಲಫ್ ಹಸನ್ ಮೂಲತಃ ಬಸ್ರಾದ ವ್ಯಾಪಾರಿ. ಸುಲ್ತಾನ ಅವನಿಗೆ ಕೊಟ್ಟ ಬಿರುದೇ ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ದೊರೆ. ಕುದುರೆಗಳು ಬರುತ್ತಿದ್ದ ಸಮುದ್ರದ ದಾರಿಯಲ್ಲೇ ಬಿಲ್ಲಾಳುಗಳೂ ಬಂದಿರಬೇಕು. 1430ರ ಹೊತ್ತಿಗೆ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದಾಗ ಇವರೂ ಅವನ ಹಿಂದೆ ಬಂದು ಹೊಸ ಕೋಟೆಯ ಸುತ್ತ ನೆಲೆಯಾದರು.

ಇದಕ್ಕೆ ಜೋಡಿಯಾದ ಕಥೆ ವಿಜಯನಗರದಲ್ಲಿದೆ. ಪ್ರೌಢದೇವರಾಯನೆಂದು ಹೆಸರಾದ ಎರಡನೆಯ ದೇವರಾಯ ತನ್ನ ಮಂತ್ರಿಗಳನ್ನೂ ಪಂಡಿತರನ್ನೂ ಕೂಡಿಸಿ, ನಮ್ಮ ನಾಡು ದೊಡ್ಡದು, ಜನ ಹೆಚ್ಚು, ಆದಾಯ ಹೆಚ್ಚು, ಹಾಗಿದ್ದೂ ಬಹಮನಿಗಳು ಗೆಲ್ಲುವುದೇಕೆ ಎಂದು ಕೇಳಿದನಂತೆ. ಕೆಲವರು ದೈವಸಂಕಲ್ಪ ಎಂದರು. ಉಳಿದವರು ಎರಡು ಕಾರಣ ಕೊಟ್ಟರು: ಅವರ ಕುದುರೆಗಳು ಬಲವಾದವು, ಮತ್ತು ಅವರಲ್ಲಿ ಒಳ್ಳೆಯ ಬಿಲ್ಲುಗಾರರ ದೊಡ್ಡ ಪಡೆ ಇದೆ. ದೇವರಾಯ ಎರಡನೆಯ ಗುಂಪಿನ ಮಾತು ಕೇಳಿದ. ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿದ, ಅವರು ಸಂಕೋಚವಿಲ್ಲದೆ ನಮಸ್ಕರಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ. ಅವರಿಂದ ತನ್ನ ಸೈನಿಕರಿಗೂ ಬಿಲ್ವಿದ್ಯೆ ಹೇಳಿಸಿದ. ಫೆರಿಶ್ತಾ ಕೊಡುವ ಲೆಕ್ಕದಲ್ಲಿ ಮುಸ್ಲಿಂ ಬಿಲ್ಲುಗಾರರು 2,000, ಬಿಲ್ಲು ಕಲಿತ ಹಿಂದೂ ಸೈನಿಕರು 60,000. ಇಷ್ಟು ಸಿದ್ಧನಾದ ಮೇಲೆ 1443ರಲ್ಲಿ ರಾಯಚೂರು ದೋಆಬಿಗೆ ನುಗ್ಗಿ ಮುದಗಲ್ಲಿನ ಸುತ್ತ ಎರಡು ತಿಂಗಳಲ್ಲಿ ಮೂರು ಕಾಳಗ ಮಾಡಿದ.

ಫೆರಿಶ್ತಾ ಬಿಜಾಪುರದಲ್ಲಿ ಕುಳಿತು ಬರೆದದ್ದು 1606ರ ಸುಮಾರಿಗೆ, ಎಂದರೆ ಈ ಘಟನೆಗಳಾಗಿ ಒಂದೂಮುಕ್ಕಾಲು ಶತಮಾನದ ಮೇಲೆ. ಅವನ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಕಥೆಯ ತಿರುಳು ಗಟ್ಟಿಯಾಗಿದೆ. ಅದರ ವ್ಯಾಖ್ಯಾನದಲ್ಲೇ ತಕರಾರು. ಒಂದು ಕಡೆಯವರು ಇದನ್ನು ಮುಸ್ಲಿಮರ ಬಿಲ್ಲು ಹಿಂದೂಗಳ ಬಿಲ್ಲಿಗಿಂತ ಮೇಲು ಎಂಬಂತೆ ಓದುತ್ತಾರೆ. ಇನ್ನೊಂದು ಕಡೆಯವರು ಅರ್ಜುನ, ಕರ್ಣರ ನಾಡಿಗೆ ಬಿಲ್ಲು ಕಲಿಸಲು ಹೊರಗಿನವರು ಬರಬೇಕಿತ್ತೇ ಎಂದು ಸಿಡುಕುತ್ತಾರೆ. ಇಬ್ಬರೂ ಬಿಲ್ಲನ್ನು ಮಾತ್ರ ನೋಡುತ್ತಿದ್ದಾರೆ.

ಬೀದರಿನ ಸೈನ್ಯವನ್ನು ಕಣ್ಣಾರೆ ನೋಡಿ ಬರೆದಿಟ್ಟವನೊಬ್ಬನಿದ್ದಾನೆ. ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದು ಕುದುರೆಯನ್ನು ಮಾರುವ ಆಸೆಯಿಂದ ಇಲ್ಲಿಯವರೆಗೆ ಬಂದ. ಕುದುರೆ ಬೀದರಿನಲ್ಲಿ ಮಾರಾಟವಾಯಿತು. ಆಗ ಸುಲ್ತಾನನಾಗಿದ್ದವನು ಇಪ್ಪತ್ತರ ಹರೆಯದ ಮೂರನೆಯ ಮುಹಮ್ಮದ್. ಅಧಿಕಾರವೆಲ್ಲ ಮಲಿಕ್-ಉತ್-ತುಜ್ಜಾರ್ ಬಿರುದು ಹೊತ್ತ ಮಹಮೂದ್ ಗವಾನನ ಕೈಯಲ್ಲಿತ್ತು. ನಿಕಿತಿನ್ ಕಂಡ ಪ್ರಕಾರ ಕುದುರೆಯ ಮೇಲೆ, ಕವಚ ತೊಟ್ಟು ಇದ್ದವರು ಖುರಾಸಾನಿಗಳು. ಅವರ ಮುಂದೆ ಕಾಲಾಳಾಗಿ ನಡೆಯುತ್ತಿದ್ದವರು ಈ ನೆಲದ ಜನ: ಬರಿಮೈ, ಬರಿಗಾಲು, ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ. ಅವರಲ್ಲೇ ಕೆಲವರ ಕೈಯಲ್ಲಿ ದೊಡ್ಡ ದೊಡ್ಡ ನೆಟ್ಟನೆಯ ಬಿಲ್ಲುಗಳು, ಬಾಣಗಳು.

ಆ ಒಂದು ಗುಣವಾಚಕಕ್ಕಾಗಿ ಈ ರಷ್ಯನ್ ವ್ಯಾಪಾರಿಗೆ ಋಣಿಯಾಗಿರಬೇಕು. ನೆಟ್ಟನೆಯ ಬಿಲ್ಲು! ಪೂರ್ವ ಯುರೋಪಿನವನಾದ ಅವನಿಗೆ ಬಿಲ್ಲೆಂದರೆ ತಾರ್ತಾರರ ಬಾಗುಬಿಲ್ಲು. ಹೆದೆ ಬಿಚ್ಚಿದರೆ ಎದುರು ದಿಕ್ಕಿಗೆ ಸುರುಳಿಯಾಗುವ, ಒಳಬದಿಗೆ ಕೊಂಬು, ಹೊರಬದಿಗೆ ಪ್ರಾಣಿಗಳ ನರ, ನಡುವೆ ಮರ, ಎಲ್ಲವನ್ನೂ ಅಂಟಿನಿಂದ ಬೆಸೆದ ಗಿಡ್ಡ ಬಿಲ್ಲು ಅದು. ಖುರಾಸಾನಿ ಸವಾರರ ಬೆನ್ನಿಗೆ ಇದ್ದದ್ದೂ ಅಂಥದೇ. ಅದನ್ನು ಕಂಡು ಅವನಿಗೆ ಅಚ್ಚರಿಯಾಗಲಿಲ್ಲ. ಅಚ್ಚರಿಯಾದದ್ದು ಆಳೆತ್ತರದ, ಹೆದೆ ಬಿಚ್ಚಿದರೆ ಕೋಲಿನಂತೆ ನೆಟ್ಟಗಾಗುವ ನಮ್ಮ ಬಿಲ್ಲನ್ನು ಕಂಡು. ಅವನಿಗಿಂತ ಸುಮಾರು ಹದಿನೆಂಟು ಶತಮಾನ ಮೊದಲು, ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್ ಸಹ ಭಾರತದ ಕಾಲಾಳುಗಳ ಬಿಲ್ಲು ಆಳಿನಷ್ಟೇ ಉದ್ದ, ಅದರ ಬಾಣ ಮೂರು ಮೊಳಕ್ಕೆ ತುಸುವೇ ಕಡಿಮೆ ಎಂದು ಬರೆದಿದ್ದ. ನಮ್ಮ ವೀರಗಲ್ಲುಗಳಲ್ಲಿ ಹೋರಾಡುವ ಬಿಲ್ಲಾಳುಗಳನ್ನು ಒಮ್ಮೆ ನೆನಪಿಸಿಕೊಳ್ಳಿ.

ಹೀಗೆ ಒಂದೇ ಊರಿನಲ್ಲಿ, ಒಂದೇ ಸುಲ್ತಾನನ ಸೈನ್ಯದಲ್ಲಿ ಎರಡು ಬಗೆಯ ಬಿಲ್ಲುಗಳಿದ್ದವು. ಈಗ ಪ್ರಶ್ನೆ: ಖುರಾಸಾನಿಯ ಬತ್ತಳಿಕೆ ಬರಿದಾದರೆ ಪಕ್ಕದಲ್ಲಿದ್ದ ಬರಿಗಾಲಿನ ಕಾಲಾಳಿನಿಂದ ಬಾಣ ಇಸಕೊಂಡು ಹೊಡೆಯಬಹುದಿತ್ತೇ? ಹೊಡೆಯಬಹುದಿತ್ತು, ತಾಗುತ್ತಿರಲಿಲ್ಲ. ಏಕೆಂಬುದನ್ನು ತುಸು ಬಿಡಿಸಿ ಹೇಳಬೇಕು.

ಬಿಲ್ಲಿಗೆ ಬಾಣ ಹೂಡಿದಾಗ ಬಾಣದ ಹಿಂತುದಿ, ಎಂದರೆ ಹಿಳುಕು, ಹೆದೆಯ ಮೇಲಿರುತ್ತದೆ. ಮುಂಭಾಗ ಬಿಲ್ಲಿನ ಹಿಡಿಯ ಒಂದು ಪಕ್ಕಕ್ಕೆ ಒರಗಿರುತ್ತದೆ. ಹೆದೆಯನ್ನು ಬಿಟ್ಟೊಡನೆ ಅದು ನೇರವಾಗಿ ಬಿಲ್ಲಿನ ನಡುವಿಗೆ ಧಾವಿಸುತ್ತದೆ. ಆದರೆ ಬಾಣಕ್ಕೆ ನಡುವಿನಲ್ಲಿ ದಾರಿ ಇಲ್ಲ, ಅಲ್ಲಿ ಬಿಲ್ಲೇ ಅಡ್ಡ ನಿಂತಿದೆ. ಹಾಗಾದರೆ ಪಕ್ಕಕ್ಕೆ ಮುಖ ಮಾಡಿದ ಬಾಣ ಪಕ್ಕಕ್ಕೇ ಹೋಗಬೇಕಲ್ಲ? ಹೋಗುವುದಿಲ್ಲ, ಗುರಿಗೇ ಹೋಗುತ್ತದೆ. ಅಮೆರಿಕದ ರಾಬರ್ಟ್ ಎಲ್ಮರ್ 1913ರಲ್ಲಿ ಇದನ್ನು ಬಿಲ್ಲುಗಾರನ ವಿರೋಧಾಭಾಸ ಎಂದು ಕರೆದ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಕ್ಯಾಮೆರಾ ಇಟ್ಟು ಚಿತ್ರ ತೆಗೆದಾಗ ಗುಟ್ಟು ಬಯಲಾಯಿತು. ಹಿಂದಿನಿಂದ ಬಂದ ಒತ್ತಡಕ್ಕೆ ಬಾಣ ಮೀನಿನಂತೆ ಬಳುಕುತ್ತದೆ. ಮೊದಲು ಒಂದು ಕಡೆಗೆ ಬಾಗುತ್ತದೆ, ಮರುಕ್ಷಣ ಇನ್ನೊಂದು ಕಡೆಗೆ. ಹೀಗೆ ಬಿಲ್ಲನ್ನು ಬಳಸಿಕೊಂಡು, ಅದರ ಮೈ ಸೋಕದಂತೆ ಬಾಲವನ್ನು ಆಚೆಗೆ ಎಳೆದುಕೊಂಡು ಹೋಗುತ್ತದೆ. ಇದೆಲ್ಲ ಮುಗಿಯುವುದು ಒಂದು ಸೆಕೆಂಡಿನ ಸುಮಾರು ಐವತ್ತನೆಯ ಒಂದು ಪಾಲಿನಲ್ಲಿ. ಬರಿಗಣ್ಣಿಗೆ ಕಾಣುವುದು ಸಾಧ್ಯವೇ ಇಲ್ಲ.

ಕಡ್ಡಿ ತೀರ ಬಿಗಿಯಾಗಿದ್ದರೆ ಬಳುಕದೆ ಬಿಲ್ಲಿಗೆ ಬಡಿದು, ತಾನು ಒರಗಿದ್ದ ಪಕ್ಕಕ್ಕೇ ಸಿಡಿಯುತ್ತದೆ. ತೀರ ಮೆದುವಾಗಿದ್ದರೆ ಅತಿಯಾಗಿ ಬಳುಕಿ ಎದುರು ಪಕ್ಕಕ್ಕೆ ವಾಲುತ್ತದೆ; ಬಿಲ್ಲು ಬಲವಾಗಿದ್ದರೆ ಮುರಿದು ಕೈಗೆ ಚುಚ್ಚಿಕೊಂಡರೂ ಚುಚ್ಚಿಕೊಂಡೀತು. ಬಾಣದ ಬಳುಕಿನ ತಾಳಕ್ಕೂ ಬಿಲ್ಲಿನ ಒದೆತದ ತಾಳಕ್ಕೂ ಹೊಂದಿಕೆಯಾಗಬೇಕು. ಆದ್ದರಿಂದ ಒಳ್ಳೆಯ ಬಾಣ ಎಂಬುದೊಂದು ಸ್ವತಂತ್ರವಾಗಿ ಇಲ್ಲ. ಇಂಥ ಬಿಲ್ಲಿಗೆ ಒಳ್ಳೆಯ ಬಾಣ ಎನ್ನಬೇಕು.

ಈಗಿನವರು ಇದನ್ನು ಅಳೆಯುವ ಬಗೆ ಸರಳ. ಬಾಣದ ಕಡ್ಡಿಯನ್ನು 26 ಇಂಚು ಅಂತರದ ಎರಡು ಆನಿಕೆಗಳ ಮೇಲೆ ಇಡುತ್ತಾರೆ, ನಡುವೆ ಎರಡು ಪೌಂಡು ತೂಕ ತೂಗುಹಾಕುತ್ತಾರೆ, ಕಡ್ಡಿ ಎಷ್ಟು ಜಗ್ಗಿತೆಂದು ನೋಡುತ್ತಾರೆ. ಆ ಜಗ್ಗಿನಿಂದ 26ನ್ನು ಭಾಗಿಸಿದರೆ ಅದು ಎಷ್ಟು ಪೌಂಡಿನ ಬಿಲ್ಲಿಗೆ ಸರಿ ಎಂಬ ಲೆಕ್ಕ ಸಿಗುತ್ತದೆ. 0.52 ಇಂಚು ಜಗ್ಗಿದರೆ 50 ಪೌಂಡಿನ ಬಿಲ್ಲಿಗೆ, 0.65 ಇಂಚು ಜಗ್ಗಿದರೆ 40 ಪೌಂಡಿನದಕ್ಕೆ. ಎರಡರ ನಡುವಿನ ಅಂತರ ಒಂದು ಇಂಚಿನ ಎಂಟನೆಯ ಒಂದು ಭಾಗ! ಕಡ್ಡಿಯ ದಪ್ಪ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಅದರ ಬಿಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಅದೇ ಕಡ್ಡಿಯನ್ನು ಉದ್ದ ಬಿಟ್ಟರೆ ಮೆದುವಾಗುತ್ತದೆ, ಕತ್ತರಿಸಿ ಮೊಟಕು ಮಾಡಿದರೆ ಬಿಗಿಯಾಗುತ್ತದೆ, ಮುಂದೆ ಭಾರದ ಅಲಗು ಹಾಕಿದರೆ ಮತ್ತೆ ಮೆದುವಿನಂತೆ ನಡೆದುಕೊಳ್ಳುತ್ತದೆ.

ಈಗ ಬೀದರಿಗೆ ಮರಳೋಣ. ಉದ್ದ ಬಿದಿರುಬಿಲ್ಲಿನ ರೆಕ್ಕೆಗಳು ದೊಡ್ಡವು, ಭಾರ. ಅವು ನಿಧಾನವಾಗಿ ಒದೆಯುತ್ತವೆ. ಎಳೆಯುವ ಬಲ ಅಷ್ಟೇ ಇದ್ದರೂ ಗಿಡ್ಡ ಕೊಂಬಿನ ಬಿಲ್ಲು ಥಟ್ಟನೆ ಒದೆಯುತ್ತದೆ. ಆ ಒದೆತ ತಡೆಯಲು ಹಗುರವೂ ಬಿಗಿಯೂ ಆದ ಕಡ್ಡಿ ಬೇಕು. ಉದ್ದ ಬಿಲ್ಲಿನ ನೀಳ ಭಾರದ ಬಾಣವನ್ನು ಅದಕ್ಕೆ ಹೂಡಿದರೆ ಅತಿಯಾಗಿ ಬಳುಕುತ್ತದೆ. ಕೊಂಬಿನ ಬಿಲ್ಲಿನ ಬಾಣವನ್ನು ನೆಟ್ಟನೆಯ ಬಿಲ್ಲಿಗೆ ಹೂಡಿದರೆ ಬಿಲ್ಲಿನ ಮೈಗೆ ಬಡಿಯುತ್ತದೆ. ಅದೂ ಅಲ್ಲದೆ ಉದ್ದವೂ ಸಾಲದು.

ಇನ್ನೊಂದು ತೊಡಕು ಬೆರಳಿನದು. ಮಧ್ಯ ಏಷ್ಯದವರು ಹೆದೆಯನ್ನು ಹೆಬ್ಬೆರಳಿನಿಂದ ಎಳೆಯುತ್ತಿದ್ದರು. ಅದಕ್ಕೆ ಜಿಹ್‌ಗೀರ್ ಎಂಬ ಉಂಗುರ ತೊಡುತ್ತಿದ್ದರು. ಹಾಗೆ ಎಳೆಯುವವರ ಬಾಣ ಬಿಲ್ಲಿನ ಬಲಕ್ಕೆ ಕೂರುತ್ತದೆ. ಎರಡು ಮೂರು ಬೆರಳಲ್ಲಿ ಎಳೆಯುವವರದು ಸಾಮಾನ್ಯವಾಗಿ ಎಡಕ್ಕೆ. ಹೀಗಾಗಿ ಒಬ್ಬನಿಗೆ ಬಲಕ್ಕೆ ತಪ್ಪುವ ಬಿಗಿ ಕಡ್ಡಿ ಇನ್ನೊಬ್ಬನಿಗೆ ಎಡಕ್ಕೆ ತಪ್ಪುತ್ತದೆ. (ಏಕಲವ್ಯನ ಹೆಬ್ಬೆರಳು ಇಲ್ಲಿ ನೆನಪಾಗದೆ ಇರದು. ಅದನ್ನು ಕೊಟ್ಟ ಮೇಲೆ ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ ಮೊದಲಿನ ಚುರುಕು ಬರಲಿಲ್ಲವೆಂದೂ ಮಹಾಭಾರತ ಹೇಳುತ್ತದೆ. ಹೆಬ್ಬೆರಳಿನ ಎಳೆತ ನಮಗೂ ಹೊಸತಾಗಿರಲಿಲ್ಲ.)

ಹಾಗಾದರೆ ಹಿಂದಿನವರಿಗೆ ಈ ಹೊಂದಿಕೆಯ ಅರಿವಿತ್ತೇ? ಕ್ಯಾಮೆರಾ ಇರಲಿಲ್ಲ, ಇಂಚುಪಟ್ಟಿ ಇರಲಿಲ್ಲ. ಆದರೂ ಇತ್ತೆಂದು ಧೈರ್ಯವಾಗಿ ಹೇಳಬಹುದು. ಅಹ್ಮದ್ ಶಾನಿಗಿಂತ ಅರವತ್ತು ವರ್ಷ ಮೊದಲು, 1363ರಲ್ಲಿ ಸಂಕಲಿತವಾದ ಶಾರ್ಙ್ಗಧರ ಪದ್ಧತಿಯಲ್ಲಿ ಬಿಲ್ವಿದ್ಯೆಯ ಭಾಗವೊಂದಿದೆ. ವಸಿಷ್ಠರ ಹೆಸರಿನಲ್ಲಿ ಪ್ರಚಾರದಲ್ಲಿರುವ ಧನುರ್ವೇದಸಂಹಿತೆಯಲ್ಲೂ ಇದೇ ಸಂಪ್ರದಾಯದ ಮಾತುಗಳಿವೆ. ಈ ಧನುರ್ವೇದದ ಪ್ರಕಾರ ಬಿಲ್ಲುಗಳು ಎರಡು: ಕೊಂಬಿನದು ಮತ್ತು ಬಿದಿರಿನದು. ಕೊಂಬಿನದು ಆನೆ, ಕುದುರೆಯ ಮೇಲಿನವರಿಗೆ. ಬಿದಿರಿನದು ರಥಿಕರಿಗೆ, ಕಾಲಾಳುಗಳಿಗೆ. ನಿಕಿತಿನ್ ಬೀದರಿನಲ್ಲಿ ಕಂಡ ವಿಂಗಡಣೆಯೇ ಇದು! ಬಾಣಕ್ಕೆ ಆರಿಸುವ ಶರದ ಹುಲ್ಲು ಬಲಿತು ಹಳದಿಗಟ್ಟಿರಬೇಕು, ದುಂಡಗೆ ಗಟ್ಟಿಯಾಗಿರಬೇಕು, ಒಳ್ಳೆಯ ನೆಲದಲ್ಲಿ ಬೆಳೆದಿರಬೇಕು. ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ; ದಪ್ಪ ಕಿರುಬೆರಳಿನಷ್ಟು. ಹಾಗೆ ಆರಿಸಿದ್ದನ್ನು ಯಂತ್ರದಲ್ಲಿ ಎಳೆಯಬೇಕಂತೆ. ಕಡ್ಡಿಯನ್ನು ನೇರ ಮಾಡಿ ದಪ್ಪವನ್ನು ಏಕಪ್ರಕಾರವಾಗಿಸುವ ಸಾಧನವೊಂದು ಇತ್ತೆಂದು ಇದರಿಂದ ಊಹಿಸಬಹುದು. ಗರಿಗಳ ಅಳತೆಯಂತೂ ಬಿಲ್ಲಿನೊಂದಿಗೆ ಬದಲಾಗುತ್ತದೆ: ಪ್ರತಿ ಬಾಣಕ್ಕೆ ನಾಲ್ಕು ಗರಿ, ಸಾಮಾನ್ಯವಾಗಿ ಆರು ಅಂಗುಲ, ಕೊಂಬಿನ ಬಿಲ್ಲಿನ ಬಾಣಕ್ಕೆ ಹತ್ತು ಅಂಗುಲ. ಬಿಲ್ಲು ಬೇರೆಯಾದರೆ ಬಾಣವೂ ಬೇರೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ.

ಅದೇ ಗ್ರಂಥದ ಇನ್ನೊಂದು ವಿಂಗಡಣೆ ಸ್ವಾರಸ್ಯಕರ. ಮುಂಭಾಗ ದಪ್ಪಗಿರುವ ಬಾಣ ಹೆಣ್ಣು, ಹಿಂಭಾಗ ದಪ್ಪಗಿರುವುದು ಗಂಡು, ಎರಡೂ ಸಮವಾಗಿದ್ದರೆ ನಪುಂಸಕ. ಹೆಣ್ಣು ಬಾಣ ದೂರ ಹೋಗುತ್ತದೆ, ಗಂಡು ಬಾಣ ಗಟ್ಟಿಯಾದುದನ್ನು ಭೇದಿಸುತ್ತದೆ, ಸಮಬಾಣ ಗುರಿಯ ಅಭ್ಯಾಸಕ್ಕೆ ಸರಿ. ಓದಿದವರು ನಕ್ಕು ಮುಂದೆ ಹೋಗುವುದುಂಟು. ಆದರೆ ಹಿಂಭಾಗವನ್ನು ಸಪುರ ಮಾಡಿದ ಕಡ್ಡಿಗಳನ್ನು ಇಂದಿಗೂ ಮರದ ಬಾಣ ಮಾಡುವವರು ದೂರದ ಹೊಡೆತಕ್ಕೆ ತಯಾರಿಸುತ್ತಾರೆ. ದಪ್ಪ ಎಲ್ಲಿದೆ ಎಂಬುದು ಬಿಗಿ ಎಲ್ಲಿದೆ ಎಂಬುದರ ಇನ್ನೊಂದು ಹೆಸರು. ಬಿಲ್ಲುಗಾರನ ಬಲಕ್ಕಿಂತ ಬಿಲ್ಲಿನ ಬಲ ಹೆಚ್ಚಿರಬಾರದು, ಬಿಲ್ಲಿನೊಡನೆ ಒದ್ದಾಡುವವನಿಗೆ ಗುರಿ ಕಾಣುವುದಿಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಆಳಿಗೆ ತಕ್ಕ ಬಿಲ್ಲು, ಬಿಲ್ಲಿಗೆ ತಕ್ಕ ಬಾಣ, ಇದು ಆ ಶಾಸ್ತ್ರದ ಕ್ರಮ.

ಇನ್ನೂ ಹಿಂದಕ್ಕೆ ಹೋಗುವುದಾದರೆ ದೂರ ಹೋಗಬೇಕಿಲ್ಲ. ಭಾಲ್ಕಿಯ ನೆರೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ಪೈಕಿ ಶಸ್ತ್ರವಿನೋದವೂ ಒಂದು. ಸಭೆಯ ಮುಂದೆ ದೊರೆ ಬಿಲ್ಲಿನ ಕೈಚಳಕ ತೋರಿಸಬೇಕಿತ್ತು. ಆದ್ದರಿಂದ ದೇವರಾಯನ ಕಾಲದ ಕನ್ನಡ ನಾಡಿಗೆ ಬಿಲ್ಲು ತಿಳಿದಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. (ಭಾಲ್ಕಿ ಎಂಬ ಹೆಸರಿನಲ್ಲೇ ಭಲ್ಲ ಎಂಬ ಬಾಣ ಅಡಗಿದೆಯೆಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಉಚ್ಚಾರ ಹತ್ತಿರವಾದ ಮಾತ್ರಕ್ಕೆ ನಂಟಾಗುವುದಿಲ್ಲ.)

ಹೆಸರಿನ ಮಾತು ಬಂದದ್ದರಿಂದ ಬೀದರನ್ನೂ ಹೇಳಿಬಿಡಬೇಕು. ವಿದುರನಗರ ಎಂಬ ಐತಿಹ್ಯ ಒಂದಿದೆ. ಅದಕ್ಕಿಂತ ಒಪ್ಪುವಂಥದು, ಬಿದಿರಿನ ಮೆಳೆಗಳಿಂದ ಬಿದಿರೂರು, ಬಿದರೆ, ಬೀದರ್ ಆಯಿತೆಂಬುದು. ಹೆಸರಿಗೆ ಕಾರಣ ಏನೇ ಇರಲಿ, ಬಿಲ್ಲಿನ ಸೈನ್ಯಕ್ಕೆ ಬಿದಿರೂ ಹುಲ್ಲೂ ಮದ್ದುಗುಂಡಿಗೆ ಗಂಧಕವಿದ್ದಂತೆ. ಬೀದರಿನಿಂದ ಔರಾದಿಗೆ ಹೋಗುವವರು ಮಾಂಜ್ರಾ ನದಿಯನ್ನು ದಾಟುತ್ತಾರೆ. ಬಾಲಾಘಾಟದಲ್ಲಿ ಹುಟ್ಟಿ ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪು ನೆಲವನ್ನು ಹಾದು ಗೋದಾವರಿಗೆ ಸೇರುವ ಹೊಳೆ ಇದು. ಇಂಥ ಹೊಳೆದಂಡೆಗಳೇ ಗಣ್ಣುಹುಲ್ಲಿನ ತವರು. ಇಂದು ಈ ದಂಡೆಗಳಲ್ಲಿ ಕಬ್ಬು ಬೆಳೆಯುತ್ತಾರೆ. ಸಂಸ್ಕೃತದವರು ಶರವೆಂದ ಹುಲ್ಲೂ ಕಬ್ಬಿನ ಕುಲದ್ದೇ. ಸಂಸ್ಕೃತದಲ್ಲಿ ಆ ಹುಲ್ಲಿಗೂ ಬಾಣಕ್ಕೂ ಒಂದೇ ಹೆಸರು. ನಮ್ಮಲ್ಲೂ ಕೋಲೆಂದರೆ ಕೋಲೂ ಹೌದು, ಅಂಬೂ ಹೌದು.

ಮರದ ಕಡ್ಡಿಯಾದರೆ ಹೆರೆದು ಬೇಕಾದಷ್ಟು ತೆಳ್ಳಗೆ ಮಾಡಬಹುದು. ಬಿದಿರು, ಹುಲ್ಲಿನ ಕಡ್ಡಿಯ ವಿಷಯ ಹಾಗಲ್ಲ. ಅದರ ಬಲವೆಲ್ಲ ಹೊರಗಿನ ಸಿಪ್ಪೆಯಲ್ಲಿದೆ. ಹೆರೆದರೆ ಬಲ ಹೋಯಿತು. ಆದ್ದರಿಂದ ಇಲ್ಲಿ ಮಾಡುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸ. ಬಲಿತ ಮೇಲೆ ಕೊಯ್ಯಬೇಕು, ನೆರಳಲ್ಲಿ ಒಣಗಿಸಬೇಕು, ಬೆಂಕಿಯ ಶಾಖಕ್ಕೆ ಹಿಡಿದು ಗಣ್ಣುಗಳ ಡೊಂಕು ತಿದ್ದಬೇಕು. ಆಮೇಲೆ ಒಂದೊಂದನ್ನೂ ಎರಡು ಕೈಯಲ್ಲಿ ಬಗ್ಗಿಸಿ ನೋಡಿ, ಇದು ಮೆದು, ಇದು ಬಿಗಿ ಎಂದು ಬೇರೆ ಬೇರೆ ರಾಶಿಗೆ ಹಾಕಬೇಕು. ನೂರು ಕಡ್ಡಿಗಳಲ್ಲಿ ಒಂದೇ ಬಿಗಿಯವು ಎಷ್ಟು ಸಿಕ್ಕಾವು!

ಲೆಕ್ಕ ಹಾಕಿ ನೋಡಿ. ಬಿಲ್ಲುಗಾರರು 3,000, ಒಬ್ಬೊಬ್ಬನಿಗೆ 24 ಬಾಣ ಎಂದು ಹಿಡಿದರೂ 72,000 ಬಾಣಗಳು, 2,88,000 ಗರಿಗಳು. ಅದೂ ಒಂದು ಸಲ ಬತ್ತಳಿಕೆ ತುಂಬಲು ಮಾತ್ರ. ಸುಮಾರು ಇದೇ ಕಾಲಕ್ಕೆ, 1417ರಲ್ಲಿ, ಇಂಗ್ಲೆಂಡಿನ ಐದನೆಯ ಹೆನ್ರಿ ತನ್ನ ಇಪ್ಪತ್ತು ಕೌಂಟಿಗಳಿಗೆ ಆಜ್ಞೆ ಹೊರಡಿಸಿ ಪ್ರತಿ ಹೆಬ್ಬಾತಿನಿಂದ ಆರು ರೆಕ್ಕೆಗರಿ ಕಿತ್ತು ಕಳಿಸಿರೆಂದ. ಇಂಗ್ಲಿಷರ ಉದ್ದಬಿಲ್ಲಿನ ಖ್ಯಾತಿಯ ಹಿಂದೆ ಅಂಥ ಆಜ್ಞೆಗಳಿದ್ದವು. 1545ರಲ್ಲಿ ಮುಳುಗಿದ ಅವರ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರ ಕೆಸರಿನಲ್ಲಿ 3,500ರಷ್ಟು ಬಾಣಗಳು ಸಿಕ್ಕವು. ನಮ್ಮ ಸರಳುಗಳಿಗೆ ಗೆದ್ದಲು ಹುಳುವಿನಿಂದ ಅಂಥ ರಕ್ಷಣೆ ದೊರೆಯಲಿಲ್ಲ. ಬೀದರಿನ ಬಾಣಗಾರರ ಹೆಸರುಗಳೂ ಅವರ ಕಡ್ಡಿಗಳ ಜೊತೆಗೇ ಮಣ್ಣಾದವು.

ಈ ಹಿನ್ನೆಲೆಯಲ್ಲಿ ಅಹ್ಮದ್ ಶಾ ಮತ್ತು ದೇವರಾಯರ ಕಥೆಯನ್ನು ಮತ್ತೊಮ್ಮೆ ಓದಬೇಕು. ಇಬ್ಬರೂ ಬಿಲ್ಲುಗಳನ್ನು ಕೊಳ್ಳಲಿಲ್ಲ. ಆಳುಗಳನ್ನು ಕರೆಸಿಕೊಂಡರು, ಜಹಗೀರು ಕೊಟ್ಟು ಕೂರಿಸಿಕೊಂಡರು, ಮುಂದಿನ ಪೀಳಿಗೆಗೆ ಕಲಿಸಲು ಹಚ್ಚಿದರು. ಹಣವಿದ್ದರೆ ಬಿಲ್ಲನ್ನು ಹಡಗಿನಲ್ಲಿ ತರಿಸಬಹುದು. ಆ ಬಿಲ್ಲಿಗೆ ಈ ಹೊಳೆಯ ಹುಲ್ಲಿನಲ್ಲಿ ಯಾವುದು ಹೊಂದುತ್ತದೆ ಎಂಬ ಬೆರಳಿನ ಅರಿವನ್ನು ತರಿಸಲಾಗುವುದಿಲ್ಲ. ಅದು ಬಲ್ಲವನೊಡನೆ ಕುಳಿತು, ಸಾವಿರ ಕಡ್ಡಿ ಬಗ್ಗಿಸಿ ಕಲಿಯಬೇಕಾದದ್ದು. 60,000 ಮಂದಿಯ ಬಿಲ್ಲನ್ನು ಬದಲಿಸುವುದೆಂದರೆ ಒಂದು ನಾಡಿನ ಬಾಣ ತಯಾರಿಯನ್ನೇ ಬದಲಿಸುವುದು. ದೇವರಾಯನ ದೊಡ್ಡತನ ನನಗೆ ಕಾಣುವುದು ಇಲ್ಲಿ. ಸೋಲಿನ ಕಾರಣವನ್ನು ದೈವದ ಮೇಲೆ ಹಾಕಿದವರನ್ನು ಬಿಟ್ಟು, ಕಸುಬಿನ ಕೊರತೆ ತೋರಿಸಿದವರ ಮಾತನ್ನು ಅವನು ಕೇಳಿದ. ಕಲಿಸುವವನ ಧರ್ಮಕ್ಕೆ ತನ್ನ ಸಿಂಹಾಸನದ ಮುಂದೆಯೇ ಗೌರವದ ಜಾಗ ಕೊಟ್ಟ.

ಬೀದರಿನ ಅರಸರಿಗೆ ಆ ಹೊಂದಾಣಿಕೆ ಅಷ್ಟು ಸುಲಭವಾಗಲಿಲ್ಲ. ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯವರೇ ಆಗಿದ್ದ ದಖನಿಗಳಿಗೂ ಹಗೆ ಬೆಳೆಯಿತು. 1446–47ರ ಸುಮಾರಿಗೆ ಕೊಂಕಣದ ದಟ್ಟ ಕಾಡಿನಲ್ಲಿ ಖಲಫ್ ಹಸನ್ ತನ್ನ ಪಡೆಯೊಂದಿಗೆ ನಾಶವಾದ. 1481ರಲ್ಲಿ ಅದೇ ಹಗೆ ಗವಾನನ ತಲೆಯನ್ನೂ ತೆಗೆಯಿತು. ನಿಕಿತಿನ್ ಬಣ್ಣಿಸಿದ ಸಾಲುಗಳಲ್ಲೇ, ಕುದುರೆಯ ಮೇಲಿನ ಕವಚದವನಿಗೂ ಅವನ ಮುಂದೆ ಬರಿಗಾಲಲ್ಲಿ ನಡೆಯುವವನಿಗೂ ಇದ್ದ ಅಂತರದಲ್ಲಿ, ಅದರ ಬೀಜ ಕಾಣುತ್ತದೆ.

ಆದರೆ ನೆಟ್ಟನೆಯ ಬಿಲ್ಲಿನ ಆ ಬರಿಗಾಲಿನವನು ಕೀಳಾದ ಬಿಲ್ಲುಗಾರನಾಗಿರಲಿಲ್ಲ. ಕೊಂಬಿನ ಬಿಲ್ಲಿನ ಜೀವ ಅಂಟಿನಲ್ಲಿದೆ. ಅಂಟು ಮಳೆಗಾಲದ ತೇವ ಹೀರಿ ಸಡಿಲವಾಗುತ್ತದೆ, ಬಿಲ್ಲಿನ ಬಲ ಕುಗ್ಗುತ್ತದೆ. ಬೇಸಿಗೆಯಲ್ಲಿ ಸರಿಹೊಂದಿದ್ದ ಬಾಣ ಆಗ ಅದೇ ಬಿಲ್ಲಿಗೆ ಬಿಗಿಯಾಗಿಬಿಡುತ್ತದೆ. ಎತ್ತರದ, ಒಣಹವೆಯ ಬೀದರಿನಲ್ಲೇನೋ ವರ್ಷದ ಬಹುಪಾಲು ಈ ಕಾಟವಿಲ್ಲ. ಆದರೆ ಶ್ರಾವಣದ ಜಡಿಮಳೆಯಲ್ಲಿ, ಮಾಂಜ್ರಾ ತುಂಬಿ ಹರಿಯುವಾಗ, ನಾನಾದರೆ ಬಿದಿರಿನ ಬಿಲ್ಲನ್ನೇ ನೆಚ್ಚುತ್ತಿದ್ದೆ. ಮುಂದೆ ಭಾರತದಲ್ಲಿ ಉಕ್ಕಿನ ಬಿಲ್ಲುಗಳು ಬಳಕೆಗೆ ಬಂದದ್ದಕ್ಕೆ ಈ ತೇವದ ಕಾಟವೂ ಒಂದು ಕಾರಣ. ಇಂದಿಗೂ ನಮ್ಮ ದೇಶದ ಬಿಲ್ಲುಗಾರಿಕೆಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ. ಅಲ್ಲಿ ಬಿದಿರುಬಿಲ್ಲೇ ನಡೆಯುತ್ತದೆ.

ಬೀದರಿನಲ್ಲಿ ಬಿಲ್ಲಿನ ಕಾಲ ಒಮ್ಮೆಗೇ ಮುಗಿಯಲಿಲ್ಲ. ಗವಾನ್ 1472–73ರಲ್ಲಿ ಬೆಳಗಾವಿಯ ಕೋಟೆಗೋಡೆಗೆ ಸುರಂಗ ತೋಡಿಸಿ ಮದ್ದು ಸಿಡಿಸಿದ. ಆ ಮೇಲೂ ಬಹುಕಾಲ ಬಿಲ್ಲು, ಬಂದೂಕು ಒಟ್ಟೊಟ್ಟಿಗೆ ನಡೆದವು. ನಂತರ ಬಾಣವೆಂಬ ಮಾತಿನ ಅರ್ಥವೇ ಬೇರೆಯಾಯಿತು. ಮದ್ದು ತುಂಬಿದ ಕೊಳವೆಗೆ ಬಿದಿರಿನ ಕೋಲು ಕಟ್ಟಿ ಹಾರಿಸುವ ಅಸ್ತ್ರಕ್ಕೆ ದಖನಿನಲ್ಲೂ ಮೊಗಲರಲ್ಲೂ ಬಾನ್ ಎಂಬ ಹೆಸರು ನಿಂತಿತು. 1657ರ ಮಾರ್ಚಿಯಲ್ಲಿ ಔರಂಗಜೇಬ್ ಬೀದರ್ ಕೋಟೆಯನ್ನು ಮುತ್ತಿದಾಗ ಅಂಥ ಬಾನೊಂದರ ಕಿಡಿ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿತ್ತು. ಕೋಟೆಯನ್ನು ಕಾಯುತ್ತಿದ್ದ ಬಿಜಾಪುರದ ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ, ಬೀದರ್ ಮೊಗಲರ ಪಾಲಾಯಿತು. ಆ ಬಾನಿನ ಕೋಲನ್ನೂ ಯಾರೋ ಕೈಯಲ್ಲಿ ಬಗ್ಗಿಸಿ, ಉದ್ದ ನೋಡಿ, ತೂಕ ನೋಡಿ ಆರಿಸಿದ್ದಿರಬೇಕು. ಜಾತ್ರೆಯಲ್ಲಿ ಹಾರುವ ಬಾಣಬಿರುಸಿಗೂ ಹಿಂದೆ ಒಂದು ಕಡ್ಡಿ ಇರುತ್ತದೆ. ಅದನ್ನು ಮುರಿದು ಹಚ್ಚಿದರೆ ಅದು ಯಾರ ಅಂಗಳಕ್ಕೆ ನುಗ್ಗುತ್ತದೆಂದು ಹಚ್ಚಿದವನಿಗೂ ಗೊತ್ತಾಗುವುದಿಲ್ಲ.